ಗಿಗಾಹರ್ಟ್ಸ್ ಪೈಪೋಟಿ: ಇಂಟೆಲ್, ಎಎಂಡಿ ಮತ್ತು ಪ್ರೊಸೆಸರ್ ವೇಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೊಸೆಸರ್ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೇ ಬರುತ್ತವೆ. ಅವನ್ನೆಲ್ಲ ಒಂದೇ ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಮೇಲೆ ಬರೆದಿರುವ ಗಿಗಾಹರ್ಟ್ಸ್ ಅಂಕಿಯೇ ವೇಗ ಅಲ್ಲ. ಆದರೆ ಆ ಅಂಕಿಗಾಗಿ ಇಂಟೆಲ್, ಎಎಂಡಿ ಅನ್ನುವ ಎರಡು ಚಿಪ್ ಕಂಪನಿಗಳು ಬಿದ್ದು ಎದ್ದು ಓಡಿದ್ದರಿಂದ ಕಂಪ್ಯೂಟರ್ ಬಳಸುವ ಎಲ್ಲರಿಗೂ ಲಾಭವಾಗಿದೆ.

ಗಿಗಾಹರ್ಟ್ಸ್ ಅಂದರೆ ಏನು? ಅದು ಜಾಸ್ತಿ ಇದ್ದರೆ ಕಂಪ್ಯೂಟರ್ ಜೋರಾಗಿ ಓಡುತ್ತದೆ ತಾನೇ?

ಪ್ರೊಸೆಸರ್ ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಮುಖ್ಯ ಚಿಪ್. ಅದರ ಒಳಗೆ ಒಂದು ಕ್ಲಾಕ್ ಇರುತ್ತದೆ. ಅದು ಮಿಡಿದಾಗಲೆಲ್ಲ ಕೆಲಸ ಒಂದು ಹಂತ ಮುಂದಕ್ಕೆ ಹೋಗುತ್ತದೆ. ಒಂದು ಸೆಕೆಂಡಿಗೆ ನೂರು ಕೋಟಿ ಸಲ ಮಿಡಿದರೆ ಅದು 1 ಗಿಗಾಹರ್ಟ್ಸ್, ಹತ್ತು ಲಕ್ಷ ಸಲ ಮಿಡಿದರೆ 1 ಮೆಗಾಹರ್ಟ್ಸ್.

ಆದರೆ ಒಂದು ಮಿಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನೋದು ಬೇರೆ ಲೆಕ್ಕ. ಚಿಕ್ಕ ಮಗು ಪಟಪಟ ಹೆಜ್ಜೆ ಇಟ್ಟರೂ ಉದ್ದ ಕಾಲಿನ ದೊಡ್ಡವರು ನಿಧಾನವಾಗಿಯೇ ನಡೆದು ಅದನ್ನು ದಾಟಿ ಹೋಗುತ್ತಾರೆ. ಪ್ರೊಸೆಸರ್‌ನಲ್ಲೂ ಹೆಜ್ಜೆಯ ಉದ್ದ, ಹೆಜ್ಜೆಯ ಸಂಖ್ಯೆ ಎರಡನ್ನೂ ಗುಣಿಸಬೇಕು. ಒಂದೇ ಕಂಪನಿಯ, ಒಂದೇ ಪೀಳಿಗೆಯ ಎರಡು ಚಿಪ್‌ಗಳನ್ನು ಹೋಲಿಸುವಾಗ ಗಿಗಾಹರ್ಟ್ಸ್ ನೋಡಿದರೆ ಸಾಕಾಗಬಹುದು. ಬೇರೆ ಬೇರೆ ವಿನ್ಯಾಸದ ಚಿಪ್‌ಗಳ ನಡುವೆ ಆ ಹೋಲಿಕೆ ನಡೆಯುವುದಿಲ್ಲ.

ಇಂಟೆಲ್‌ಗೂ ಎಎಂಡಿಗೂ ಈ ಪೈಪೋಟಿ ಶುರುವಾದದ್ದು ಹೇಗೆ?

ಎರಡೂ ಒಂದೇ ಮನೆಯಿಂದ ಹೊರಟವು. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಬಿಟ್ಟು ಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಶುರು ಮಾಡಿದರು. ಅದೇ ಫೇರ್‌ಚೈಲ್ಡ್‌ನಿಂದ ಬಂದ ಜೆರ್ರಿ ಸ್ಯಾಂಡರ್ಸ್ ಮತ್ತು ಸಂಗಡಿಗರು 1969ರಲ್ಲಿ ಎಎಂಡಿ ಕಟ್ಟಿದರು.

1981ರಲ್ಲಿ ಐಬಿಎಂ ತನ್ನ ಪಿಸಿ ಹೊರತಂದಿತು. ಅದರಲ್ಲಿ ಇದ್ದದ್ದು 4.77 ಮೆಗಾಹರ್ಟ್ಸ್ ವೇಗದ ಇಂಟೆಲ್ 8088. ಒಂದೇ ಕಂಪನಿಯನ್ನು ನಂಬಿ ಕೂರೋದಕ್ಕೆ ಐಬಿಎಂ ತಯಾರಿರಲಿಲ್ಲ. ಅದೇ ಚಿಪ್ ಮಾಡಿಕೊಡುವ ಎರಡನೇ ಕಂಪನಿಯೂ ಬೇಕು ಅಂದಿತು. ಹಾಗಾಗಿ ಇಂಟೆಲ್ ಎಎಂಡಿ ಜೊತೆ ಒಪ್ಪಂದ ಮಾಡಿಕೊಂಡಿತು. ಅಂದರೆ ಎಎಂಡಿ ಈ ಆಟಕ್ಕೆ ಬಂದದ್ದು ಎದುರಾಳಿಯಾಗಿ ಅಲ್ಲ, ಪಾಲುದಾರನಾಗಿ.

ಪಾಲುದಾರ ಸುಮ್ನೆ ಕೂರಲಿಲ್ಲ. ಇಂಟೆಲ್ 286 ಚಿಪ್ಪನ್ನು 12.5 ಮೆಗಾಹರ್ಟ್ಸ್‌ವರೆಗೆ ಕೊಡುತ್ತಿದ್ದಾಗ ಎಎಂಡಿ ಅದೇ ವಿನ್ಯಾಸವನ್ನು 16 ಮೆಗಾಹರ್ಟ್ಸ್‌ನಲ್ಲಿ ಮಾರಿತು. 1985ರಲ್ಲಿ 386 ಬಂದಾಗ ಅದರ ವಿನ್ಯಾಸ ಕೊಡಲು ಇಂಟೆಲ್ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಎಎಂಡಿ ಇಂಟೆಲ್ ಚಿಪ್ಪನ್ನು ಬಿಚ್ಚಿ ನೋಡಿ, ತನ್ನದೇ 386 ಮಾಡಿಕೊಂಡು 1991ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇಂಟೆಲ್‌ನ 386 ಚಿಪ್ಪಿನ ವೇಗ 33 ಮೆಗಾಹರ್ಟ್ಸ್‌ಗೆ ನಿಂತಿತ್ತು. ಎಎಂಡಿಯದು 40. ಒಂದೇ ವಿನ್ಯಾಸ ಆದ್ದರಿಂದ ಇಲ್ಲಿ ಮೆಗಾಹರ್ಟ್ಸ್ ಹೇಳಿದ್ದು ಪೂರ್ತಿ ನಿಜ: 40 ಅನ್ನುವುದು 33ಕ್ಕಿಂತ ವೇಗವೇ. ಜನ ಮೆಗಾಹರ್ಟ್ಸ್ ನೋಡಿ ಕೊಳ್ಳಲು ಕಲಿತದ್ದು ಇಂಥ ಕಾಲದಲ್ಲಿ. ಆಗ ಅದು ಸರಿಯಾದ ಪಾಠವೇ ಆಗಿತ್ತು.

ಇಬ್ಬರ ಕೋರ್ಟು ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 1995ರಲ್ಲಿ. ಅಷ್ಟರಲ್ಲಿ ಇಂಟೆಲ್ ಹೊಸ ಚಿಪ್‌ಗೆ 586 ಅನ್ನದೆ ಪೆಂಟಿಯಂ ಅಂತ ಹೆಸರಿಟ್ಟಿತ್ತು. ಬರೀ ಅಂಕಿಯನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಆಗುವುದಿಲ್ಲ ಅನ್ನುವುದು ಅದಕ್ಕೆ ಅರ್ಥವಾಗಿತ್ತು.

1 ಗಿಗಾಹರ್ಟ್ಸ್ ಗೆರೆಯನ್ನು ಮೊದಲು ದಾಟಿದ್ದು ಯಾರು?

ಎಎಂಡಿ. 2000ದ ಮಾರ್ಚ್ 6ರಂದು ಅದು 1 ಗಿಗಾಹರ್ಟ್ಸ್ ಅಥ್ಲಾನ್ ಘೋಷಿಸಿತು. ಎರಡೇ ದಿನಕ್ಕೆ, ಮಾರ್ಚ್ 8ರಂದು, ಇಂಟೆಲ್ ತನ್ನ 1 ಗಿಗಾಹರ್ಟ್ಸ್ ಪೆಂಟಿಯಂ 3 ಮುಂದಿಟ್ಟಿತು. ಆದರೆ ಇಂಟೆಲ್‌ನ ಚಿಪ್ ಶುರುವಿನಲ್ಲಿ ಸಿಗುತ್ತಿದ್ದದ್ದೇ ಕಷ್ಟ.

ಅಥ್ಲಾನ್ ತಂಡದ ಮುಂಚೂಣಿಯಲ್ಲಿದ್ದವರು ಡರ್ಕ್ ಮೆಯರ್. ಅವರು ಡಿಇಸಿ ಅನ್ನುವ ಕಂಪ್ಯೂಟರ್ ಕಂಪನಿಯಲ್ಲಿ ಆಲ್ಫಾ ಪ್ರೊಸೆಸರ್ ಮೇಲೆ ಕೆಲಸ ಮಾಡಿ ಬಂದವರು. ಆಲ್ಫಾ 1992ರ ಹೊತ್ತಿಗೇ 150 ಮೆಗಾಹರ್ಟ್ಸ್ ದಾಟಿತ್ತು. ಮರುವರ್ಷ ಬಂದ ಮೊದಲ ಪೆಂಟಿಯಂ ಓಡುತ್ತಿದ್ದದ್ದು 60 ಮತ್ತು 66ರಲ್ಲಿ. ಆ ಅನುಭವ ಎಎಂಡಿಗೆ ಬಂತು. ನಕಲು ಮಾಡುವ ಕಂಪನಿ ಅನ್ನುವ ಹಣೆಪಟ್ಟಿ ಕಳಚಿ ಬಿದ್ದದ್ದು ಅಥ್ಲಾನ್‌ನಿಂದಲೇ ಅಂತ ನಾನು ನಂಬುತ್ತೇನೆ.

ಆ ಮೊದಲ ಗಿಗಾಹರ್ಟ್ಸ್ ಅಥ್ಲಾನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರ ಎರಡನೇ ಹಂತದ ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಟ್ಟುಕೊಳ್ಳುವ ಪುಟ್ಟ, ವೇಗದ ಮೆಮೊರಿ) ಚಿಪ್ಪಿನ ಹೊರಗೆ, ಪಕ್ಕದಲ್ಲಿ ಕೂತಿತ್ತು. ಕೋರ್, ಅಂದರೆ ಲೆಕ್ಕ ಮಾಡುವ ಭಾಗ, 1000 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಆ ಕ್ಯಾಶ್ ಓಡುತ್ತಿದ್ದದ್ದು ಅದರ ಮೂರನೇ ಒಂದು ಪಾಲಿನಲ್ಲಿ. ಪೆಂಟಿಯಂ 3ರ ಕ್ಯಾಶ್ ಚಿಪ್ಪಿನ ಒಳಗೇ ಇತ್ತು, ಪೂರ್ಣ ವೇಗದಲ್ಲಿ ಓಡುತ್ತಿತ್ತು. ಹಾಗಾಗಿ ಇಬ್ಬರದ್ದೂ 1 ಗಿಗಾಹರ್ಟ್ಸ್ ಅಂದರೂ ಎರಡೂ ಒಂದೇ ಅಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಂದ ಥಂಡರ್‌ಬರ್ಡ್ ಅಥ್ಲಾನ್‌ನಲ್ಲಿ ಕ್ಯಾಶ್ ಚಿಪ್ಪಿನ ಒಳಗೆ ಬಂತು.

ಇಂಟೆಲ್ ತಡೆಯದೆ ಜುಲೈ ಕೊನೆಗೆ 1.13 ಗಿಗಾಹರ್ಟ್ಸ್ ಪೆಂಟಿಯಂ 3 ಬಿಟ್ಟಿತು. ಟಾಮ್ಸ್ ಹಾರ್ಡ್‌ವೇರ್‌ನಂಥ ಪರೀಕ್ಷಕರು ಅದರಲ್ಲಿ ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡಲು (ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು ಯಂತ್ರದ ಭಾಷೆಗೆ ಇಳಿಸಲು) ಹೋದರೆ ಕೆಲಸ ಮುಗಿಯುತ್ತಲೇ ಇರಲಿಲ್ಲ, ಮಧ್ಯದಲ್ಲೇ ಕೈಕೊಡುತ್ತಿತ್ತು. ಒಂದು ತಿಂಗಳೊಳಗೆ, ಆಗಸ್ಟ್ ಕೊನೆಗೆ, ಇಂಟೆಲ್ ಆ ಚಿಪ್ಪನ್ನು ವಾಪಸ್ ಕರೆಸಿಕೊಂಡಿತು. ಅಂಕಿಗಾಗಿ ಅವಸರ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪೆಂಟಿಯಂ 4ರ ಬಗ್ಗೆ ಅಷ್ಟೊಂದು ಟೀಕೆ ಯಾಕೆ? ಅದು 3 ಗಿಗಾಹರ್ಟ್ಸ್ ದಾಟಿತ್ತು ಅಲ್ವಾ?

ದಾಟಿತ್ತು. ಅದನ್ನು ಕಟ್ಟಿದ್ದೇ ಅಂಕಿ ಏರಿಸುವುದಕ್ಕೆ.

ಪ್ರೊಸೆಸರ್ ಒಂದು ಸೂಚನೆಯನ್ನು ಒಂದೇ ಏಟಿಗೆ ಮುಗಿಸುವುದಿಲ್ಲ. ತರುವುದು, ಬಿಡಿಸಿ ಅರ್ಥ ಮಾಡಿಕೊಳ್ಳುವುದು, ಲೆಕ್ಕ ಮಾಡುವುದು, ಉತ್ತರ ಬರೆದಿಡುವುದು ಅಂತ ತುಂಡು ತುಂಡಾಗಿ ಮಾಡುತ್ತದೆ. ಈ ಸಾಲಿಗೆ ಪೈಪ್‌ಲೈನ್ ಅಂತಾರೆ. ತುಂಡು ಚಿಕ್ಕದಾದಷ್ಟೂ ಪ್ರತಿ ತುಂಡಿಗೆ ಬೇಕಾದ ಸಮಯ ಕಡಿಮೆ, ಕ್ಲಾಕನ್ನು ಅಷ್ಟು ಜೋರಾಗಿ ಓಡಿಸಬಹುದು. ಪೆಂಟಿಯಂ 3ರಲ್ಲಿ ಸುಮಾರು 10 ಹಂತಗಳಿದ್ದವು. 2000ದ ನವೆಂಬರ್‌ನಲ್ಲಿ ಬಂದ ಪೆಂಟಿಯಂ 4ರಲ್ಲಿ 20.

ತೊಂದರೆ ಇರುವುದು ಇಲ್ಲೇ. ಪ್ರೋಗ್ರಾಂಗಳಲ್ಲಿ ‘ಹೀಗಾದರೆ ಇದು, ಇಲ್ಲದಿದ್ದರೆ ಅದು’ ಅನ್ನುವ ಕವಲುಗಳು ಹೆಜ್ಜೆ ಹೆಜ್ಜೆಗೂ ಬರುತ್ತವೆ. ಯಾವ ಕಡೆ ಹೋಗಬೇಕು ಅಂತ ಗೊತ್ತಾಗುವವರೆಗೆ ಕಾಯದೆ ಪ್ರೊಸೆಸರ್ ಊಹೆ ಮಾಡಿ ಮುಂದೆ ಹೋಗುತ್ತದೆ. ಊಹೆ ತಪ್ಪಿದರೆ ಸಾಲಿನಲ್ಲಿ ಅರ್ಧಂಬರ್ಧ ಆಗಿರುವ ಕೆಲಸವನ್ನೆಲ್ಲ ಎಸೆದು ಮೊದಲಿನಿಂದ ಶುರು ಮಾಡಬೇಕು. ಸಾಲು ಉದ್ದ ಇದ್ದಷ್ಟೂ ನಷ್ಟ ದೊಡ್ಡದು. ಅದಕ್ಕೇ ಮೊದಲ 1.5 ಗಿಗಾಹರ್ಟ್ಸ್ ಪೆಂಟಿಯಂ 4 ಎಷ್ಟೋ ದಿನಬಳಕೆಯ ಪ್ರೋಗ್ರಾಂಗಳಲ್ಲಿ 1 ಗಿಗಾಹರ್ಟ್ಸ್ ಪೆಂಟಿಯಂ 3ಕ್ಕಿಂತ ಹಿಂದೆ ಬಿತ್ತು.

ಅಂಕಿ ಮಾತ್ರ ಏರುತ್ತಾ ಹೋಯಿತು. 2001ರ ಆಗಸ್ಟ್‌ನಲ್ಲಿ 2 ಗಿಗಾಹರ್ಟ್ಸ್. 2002ರ ನವೆಂಬರ್‌ನಲ್ಲಿ 3.06. ನ್ಯಾಯವಾಗಿ ಹೇಳಬೇಕು ಅಂದರೆ ಈ ಹೊತ್ತಿಗೆ ಅದು ನಿಜಕ್ಕೂ ಒಳ್ಳೆಯ ಚಿಪ್ ಆಗಿತ್ತು. ವಿಡಿಯೋ ಎನ್‌ಕೋಡ್ ಮಾಡುವಂಥ, ಕವಲು ಕಡಿಮೆ ಇರುವ ಕೆಲಸದಲ್ಲಿ ಮುಂದೆ ಇತ್ತು. ಆಮೇಲೆ 2004ರ ಫೆಬ್ರವರಿಯಲ್ಲಿ ಪ್ರೆಸ್ಕಾಟ್ ಅನ್ನುವ ಹೊಸ ಪೆಂಟಿಯಂ 4 ಬಂತು. ಹಂತಗಳು 31 ಆದವು. ಬಿಸಿ ವಿಪರೀತ. ಆ ವರ್ಷ ಮೇ ತಿಂಗಳಲ್ಲಿ ಅದರ ಮುಂದಿನ ಚಿಪ್ ಆಗಬೇಕಿದ್ದ ಟೇಜಸ್ ಯೋಜನೆಯನ್ನೇ ಇಂಟೆಲ್ ಕೈಬಿಟ್ಟಿತು. ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಬರುವುದಿಲ್ಲ ಅಂತ ಹೇಳಿತು. ಅದಕ್ಕಾಗಿ ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಮಾವೇಶದ ವೇದಿಕೆಯಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಪೆಂಟಿಯಂ 4ರ ಓಟ 3.8ಕ್ಕೆ ನಿಂತಿತು.

ಪರಿಹಾರ ಬಂದದ್ದೂ ಇಂಟೆಲ್ ಒಳಗಿಂದಲೇ. ಇಸ್ರೇಲಿನ ಹೈಫಾ ತಂಡ ಲ್ಯಾಪ್‌ಟಾಪ್‌ಗೆಂದು ಪೆಂಟಿಯಂ ಎಂ ಮಾಡಿತ್ತು. ಕ್ಲಾಕ್ ಕಡಿಮೆ, ಕೆಲಸ ಜಾಸ್ತಿ. ಅದೇ ದಾರಿಯಲ್ಲಿ ಬೆಳೆದ ಕೋರ್ 2 ಡ್ಯುಯೊ 2006ರ ಜುಲೈನಲ್ಲಿ ಬಂತು. 1.86 ಗಿಗಾಹರ್ಟ್ಸ್‌ನ ಅದರ ಚಿಕ್ಕ ಮಾದರಿಯೂ ಅದರ ಎರಡರಷ್ಟು ಕ್ಲಾಕ್ ಇದ್ದ ಹಳೆಯ ಪೆಂಟಿಯಂಗಳನ್ನು ಹಿಂದೆ ಹಾಕಿತು.

ಎಎಂಡಿ ಚಿಪ್ ಮೇಲೆ ‘1800+’ ಅಂತ ಇರುತ್ತಿತ್ತಲ್ಲ, ಅದು ಮೆಗಾಹರ್ಟ್ಸ್ ಅಲ್ವಾ?

ಅಲ್ಲ. ಅಥ್ಲಾನ್ ಎಕ್ಸ್‌ಪಿ 1800+ ನಿಜವಾಗಿ ಓಡುತ್ತಿದ್ದದ್ದು 1.53 ಗಿಗಾಹರ್ಟ್ಸ್‌ನಲ್ಲಿ. ಪೆಂಟಿಯಂ 4ರ ದೊಡ್ಡ ಅಂಕಿಯ ಪಕ್ಕದಲ್ಲಿ ತನ್ನ ಚಿಪ್ ಸಣ್ಣದಾಗಿ ಕಾಣಬಾರದು ಅಂತ ಎಎಂಡಿ 2001ರಲ್ಲಿ ಈ ಪದ್ಧತಿ ತಂದಿತು. ತನ್ನ ಹಿಂದಿನ ಅಥ್ಲಾನ್‌ಗೆ ಹೋಲಿಸಿ ಕೊಟ್ಟ ಅಂಕಿ ಇದು ಅಂತ ಕಂಪನಿ ಹೇಳಿತು. ಗ್ರಾಹಕರು ಓದಿಕೊಂಡದ್ದು ಪೆಂಟಿಯಂ 4ಕ್ಕೆ ಸಮ ಅಂತ. ಆ ಚಿಪ್ಪು ಆ ಮಾತನ್ನು ಬಹುಮಟ್ಟಿಗೆ ಉಳಿಸಿಕೊಂಡಿತು ಕೂಡ. ಸೈರಿಕ್ಸ್ ಕಂಪನಿ 1996ರಲ್ಲೇ 150 ಮೆಗಾಹರ್ಟ್ಸ್ ಚಿಪ್ಪನ್ನು ಪಿಆರ್200+ ಅಂತ ಮಾರಿತ್ತು. ಅದು ಆಫೀಸ್ ಕೆಲಸಕ್ಕೆ ಸರಿ, ದಶಮಾಂಶ ಲೆಕ್ಕ ತುಂಬಾ ಬೇಕಾಗುವ ಆಟಗಳಲ್ಲಿ ಸೋಲುತ್ತಿತ್ತು.

ಇದು ಮೋಸವೇ ಅಂತ ಕೇಳಿದರೆ, ನನ್ನ ಪ್ರಕಾರ ಅಲ್ಲ. ಆದರೆ ನಿಜವಾದ ಕ್ಲಾಕ್ ವೇಗವನ್ನೂ ಅದೇ ಡಬ್ಬಿ ಮೇಲೆ ಅಷ್ಟೇ ದೊಡ್ಡದಾಗಿ ಬರೆಯಬೇಕಿತ್ತು.

10 ಗಿಗಾಹರ್ಟ್ಸ್ ಚಿಪ್ ಇನ್ನೂ ಯಾಕೆ ಬಂದಿಲ್ಲ?

ಬಿಸಿಯಿಂದಾಗಿ. ಚಿಪ್ ತಿನ್ನುವ ವಿದ್ಯುತ್ತು ಕ್ಲಾಕ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ವಿದ್ಯುತ್ತು ನಾಲ್ಕು ಪಟ್ಟು. ಕ್ಲಾಕ್ ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಹಾಗಾಗಿ ಕೊನೆಯ ನೂರಿನ್ನೂರು ಮೆಗಾಹರ್ಟ್ಸ್‌ಗೆ ತೆರಬೇಕಾದ ಬೆಲೆ ತುಂಬಾ ಜಾಸ್ತಿ.

ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಹೋದ್ಯೋಗಿಗಳು 1974ರಲ್ಲಿ ಒಂದು ಮಾತು ತೋರಿಸಿಕೊಟ್ಟಿದ್ದರು. ಟ್ರಾನ್ಸಿಸ್ಟರ್ (ಚಿಪ್ಪಿನ ಒಳಗಿನ ಪುಟ್ಟ ಸ್ವಿಚ್) ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸಬಹುದು, ಆಗ ಅಷ್ಟೇ ಜಾಗದಲ್ಲಿ ಅಷ್ಟೇ ಬಿಸಿ. ಮೊದಲ ಪೆಂಟಿಯಂ ತೆಗೆದುಕೊಳ್ಳುತ್ತಿದ್ದದ್ದು 5 ವೋಲ್ಟ್. ಹತ್ತು ವರ್ಷದಲ್ಲಿ ಅದು 1.4 ವೋಲ್ಟ್ ಆಸುಪಾಸಿಗೆ ಇಳಿಯಿತು. ಆಮೇಲೆ ಇಳಿಸಲು ಹೋದರೆ ಟ್ರಾನ್ಸಿಸ್ಟರ್ ಆಫ್ ಆಗಿದ್ದಾಗಲೂ ಕರೆಂಟ್ ಸೋರತೊಡಗಿತು. ಅಲ್ಲಿಗೆ ಆ ಸುಗಮ ದಾರಿ ಮುಗಿಯಿತು. 2003ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಒಂದು ವರ್ಷದಲ್ಲಿ 3 ಗಿಗಾಹರ್ಟ್ಸ್ ಪವರ್‌ಪಿಸಿ (ಆಗ ಆಪಲ್ ಬಳಸುತ್ತಿದ್ದ ಪ್ರೊಸೆಸರ್) ಕೊಡುತ್ತೇವೆ ಅಂದಿದ್ದರು. ಅದು ಬರಲೇ ಇಲ್ಲ. 2005ರಲ್ಲಿ ಆಪಲ್ ಇಂಟೆಲ್ ಕಡೆ ಹೊರಳಿತು.

ಇನ್ನೊಂದು ಮಿತಿಯೂ ಇದೆ. 5 ಗಿಗಾಹರ್ಟ್ಸ್‌ನ ಒಂದು ಮಿಡಿತದೊಳಗೆ ಬೆಳಕು ಕೂಡ ಹೋಗಬಲ್ಲದ್ದು 6 ಸೆಂಟಿಮೀಟರ್ ಮಾತ್ರ. ಚಿಪ್ಪಿನ ತಂತಿಯಲ್ಲಿ ಸಂಕೇತ ಅದಕ್ಕಿಂತಲೂ ನಿಧಾನ.

ಒಂದೇ ಚಿಪ್ಪನ್ನು ಬೇರೆ ಬೇರೆ ವೇಗದ ಹೆಸರಲ್ಲಿ ಮಾರುತ್ತಾರೆ ಅನ್ನೋದು ನಿಜವಾ?

ನಿಜ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ, ಅಂದರೆ ವೇಫರ್‌ನಿಂದ ಕತ್ತರಿಸಿದ ಚಿಪ್‌ಗಳೆಲ್ಲ ಒಂದೇ ಥರ ಇರುವುದಿಲ್ಲ. ಪರೀಕ್ಷೆ ಮಾಡಿ, ಜೋರಾಗಿ ಓಡುವವನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ವಿಂಗಡಿಸುತ್ತಾರೆ. ಕೆಲವೊಮ್ಮೆ ಕಡಿಮೆ ವೇಗದ ಮಾದರಿಗೆ ಬೇಡಿಕೆ ಜಾಸ್ತಿ ಇದ್ದರೆ ಒಳ್ಳೆಯ ಚಿಪ್‌ಗೂ ಚಿಕ್ಕ ಅಂಕಿಯೇ ಬೀಳುತ್ತದೆ.

ಓವರ್‌ಕ್ಲಾಕಿಂಗ್ ಮಾಡುವವರು, ಅಂದರೆ ಚಿಪ್ಪನ್ನು ಬರೆದ ಅಂಕಿಗಿಂತ ಜೋರಾಗಿ ಓಡಿಸುವವರು, ಹುಡುಕುವುದು ಇಂಥವನ್ನೇ. 1998ರ ಇಂಟೆಲ್ ಸೆಲೆರಾನ್ 300ಎ ಇದರಲ್ಲಿ ಹೆಸರುವಾಸಿ. ಮದರ್‌ಬೋರ್ಡಿನಲ್ಲಿ ಬಸ್ (ಪ್ರೊಸೆಸರಿಗೆ ಡೇಟಾ ಸಾಗಿಸುವ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಎಷ್ಟೋ ಚಿಪ್‌ಗಳು ಹಾಗೆ ಓಡಿಯೂ ಏನೂ ಆಗದೆ ಉಳಿದವು. ಥಂಡರ್‌ಬರ್ಡ್ ಅಥ್ಲಾನ್‌ನಲ್ಲಿ ಇನ್ನೊಂದು ದಾರಿ ಇತ್ತು. ಚಿಪ್ಪಿನ ಮೇಲ್ಮೈಯಲ್ಲಿ ಎಲ್1 ಅಂತ ಗುರುತು ಮಾಡಿದ ಪುಟ್ಟ ಪುಟ್ಟ ಚುಕ್ಕೆಗಳ ಜೋಡಿಗಳಿದ್ದವು. ಅವುಗಳ ನಡುವಿನ ಸೇತುವೆ ಕಡಿದಿದ್ದರೆ ವೇಗಕ್ಕೆ ಬೀಗ. ಸಾಮಾನ್ಯ ಪೆನ್ಸಿಲ್ ಹಿಡಿದು ಆ ಚುಕ್ಕೆಗಳ ನಡುವೆ ಗೆರೆ ಎಳೆದರೆ ಸಾಕು. ಪೆನ್ಸಿಲಿನ ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಬೀಗ ತೆರೆಯುತ್ತದೆ. ಪಕ್ಕದ ಜೋಡಿಗೆ ಗೆರೆ ತಾಗದಂತೆ ಕೈ ಮಾತ್ರ ನಡುಗಬಾರದು.

ಇದಕ್ಕೆ ಕೆಟ್ಟ ಮುಖವೂ ಇತ್ತು. 1990ರ ದಶಕದಲ್ಲಿ ಮೋಸಗಾರರು ಚಿಪ್ ಮೇಲಿನ ಅಂಕಿ ಅಳಿಸಿ ದೊಡ್ಡ ಅಂಕಿ ಬರೆದು ಮಾರುತ್ತಿದ್ದರು. ಕಂಪನಿಗಳು ವೇಗಕ್ಕೆ ಬೀಗ ಹಾಕಿದ್ದಕ್ಕೆ ಅದೂ ಒಂದು ಕಾರಣ.

ಕೋರ್‌ಗಳು ಜಾಸ್ತಿ ಇದ್ದರೆ ವೇಗ ಅಷ್ಟು ಪಟ್ಟು ಆಗುತ್ತದಾ?

ಇಲ್ಲ. ಕ್ಲಾಕ್ ಏರಿಸಲಾಗದೆ 2005ರಲ್ಲಿ ಇಬ್ಬರೂ ಎರಡು ಕೋರಿನ ಡೆಸ್ಕ್‌ಟಾಪ್ ಚಿಪ್ ತಂದರು. ಆದರೆ ಕೆಲಸವನ್ನು ಹಂಚಲು ಬಂದರೆ ಮಾತ್ರ ಕೋರ್‌ಗಳಿಂದ ಲಾಭ. ಒಂದು ಪ್ರೋಗ್ರಾಂನಲ್ಲಿ ಶೇ. 10ರಷ್ಟು ಭಾಗ ಒಂದಾದ ಮೇಲೆ ಒಂದು ಅಂತಲೇ ನಡೆಯಬೇಕಿದ್ದರೆ, ಸಾವಿರ ಕೋರ್ ಕೊಟ್ಟರೂ ಅದು ಹತ್ತು ಪಟ್ಟಿಗಿಂತ ವೇಗ ಆಗುವುದಿಲ್ಲ. ಇದಕ್ಕೆ ಆಮ್ಡಾಲ್ ನಿಯಮ ಅಂತಾರೆ.

ಈಚೆಗೂ ಕಡಿಮೆ ಗಿಗಾಹರ್ಟ್ಸ್‌ನ ಚಿಪ್ ಗೆದ್ದದ್ದುಂಟಾ?

ಖಂಡಿತ. 2022ರ ಎಎಂಡಿ ರೈಜೆನ್ 7 5800ಎಕ್ಸ್3ಡಿ ನೋಡಿ. ಅದರ ಅಣ್ಣ 5800ಎಕ್ಸ್ 4.7 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಇದು 4.5ಕ್ಕೆ ನಿಲ್ಲುತ್ತದೆ. ಆದರೆ ಇದರ ನೆತ್ತಿ ಮೇಲೆ ಇನ್ನೊಂದು ಪದರ ಕ್ಯಾಶ್ ಅಂಟಿಸಿದ್ದಾರೆ. ಹಾಗಾಗಿ ಮೂರನೇ ಹಂತದ ಕ್ಯಾಶ್ 32ರಿಂದ 96 ಎಂಬಿಗೆ ಏರಿತು. ಮೆಮೊರಿಯಿಂದ ಡೇಟಾ ತರಲು 80 ನ್ಯಾನೊಸೆಕೆಂಡ್ ಬೇಕು ಅಂದುಕೊಳ್ಳಿ. 4.5 ಗಿಗಾಹರ್ಟ್ಸ್‌ನಲ್ಲಿ ಅದು 360 ಮಿಡಿತ. ಅಷ್ಟೂ ಹೊತ್ತು ಕೋರ್ ಕಾಯುತ್ತಾ ಕೂರಬೇಕಾಗಬಹುದು. ಡೇಟಾ ಕ್ಯಾಶ್‌ನಲ್ಲೇ ಸಿಕ್ಕರೆ ಆ ಕಾಯುವಿಕೆ ತಪ್ಪುತ್ತದೆ. ಆಟಗಳಲ್ಲಿ ಈ ಚಿಪ್ 5.2 ಗಿಗಾಹರ್ಟ್ಸ್‌ವರೆಗೆ ಏರುವ ಇಂಟೆಲ್ ಕೋರ್ ಐ9-12900ಕೆಗೆ ಸರಿಸಮ ನಿಂತಿತು. ರೆಂಡರಿಂಗ್‌ನಂಥ ಕೆಲಸದಲ್ಲಿ ಮಾತ್ರ ತನ್ನ ಅಣ್ಣನಿಗಿಂತ ಹಿಂದೆ.

ಉಲ್ಟಾ ಉದಾಹರಣೆಯೂ ಎಎಂಡಿಯದ್ದೇ. 2013ರ ಎಫ್ಎಕ್ಸ್-9590 5 ಗಿಗಾಹರ್ಟ್ಸ್ ಮುಟ್ಟಿತು, 220 ವಾಟ್ ಅಂತ ಗುರುತು ಹಾಕಿಕೊಂಡು ಬಂತು. 84 ವಾಟ್‌ನ, 3.9ಕ್ಕೆ ನಿಲ್ಲುವ ಇಂಟೆಲ್ ಕೋರ್ ಐ7-4770ಕೆ ಬಹಳಷ್ಟು ಕೆಲಸಗಳಲ್ಲಿ, ಮುಖ್ಯವಾಗಿ ಆಟಗಳಲ್ಲಿ, ಅದನ್ನು ಸೋಲಿಸಿತು. ಪೆಂಟಿಯಂ 4 ಬಿದ್ದ ಹಳ್ಳಕ್ಕೇ ಎಎಂಡಿಯೂ ಬಿದ್ದದ್ದು ನನಗೆ ಈಗಲೂ ಬೇಸರದ ವಿಷಯ.

ಪೈಪೋಟಿ ಇಲ್ಲದಾಗ ಏನಾಯಿತು?

ಎಲ್ಲ ನಿಂತ ನೀರಾಯಿತು. 2011ರ ಜನವರಿಯ ಕೋರ್ ಐ7-2600ಕೆಯಲ್ಲಿ 4 ಕೋರ್. 2017ರ ಜನವರಿಯ ಐ7-7700ಕೆಯಲ್ಲೂ 4 ಕೋರ್. ನಡುವೆ ಆರು ವರ್ಷ. ಆ ಅವಧಿಯಲ್ಲಿ ಎಎಂಡಿಯ ಬುಲ್‌ಡೋಜರ್ ವಿನ್ಯಾಸ ಮುಗ್ಗರಿಸಿ ಕೂತಿತ್ತು. 2017ರ ಮಾರ್ಚ್‌ನಲ್ಲಿ, ಲೀಸಾ ಸು ಎಎಂಡಿ ಮುಖ್ಯಸ್ಥೆಯಾಗಿದ್ದಾಗ, 8 ಕೋರಿನ ರೈಜೆನ್ ಬಂತು. ಅದೇ ಅಕ್ಟೋಬರ್‌ಗೆ ಇಂಟೆಲ್ 6 ಕೋರಿನ ಐ7-8700ಕೆ ತಂದಿತು. ಆರು ವರ್ಷ ಆಗದ್ದು ಆರೇಳು ತಿಂಗಳಲ್ಲಿ ಆಯಿತು. ಪೈಪೋಟಿ ಬೇಕೇ ಬೇಕು ಅಂತ ನಾನು ಒತ್ತಿ ಹೇಳುವುದು ಇದನ್ನು ಕಣ್ಣಾರೆ ನೋಡಿದ್ದಕ್ಕೆ.

ಪೈಪೋಟಿ ಎಂಜಿನಿಯರುಗಳ ಮೇಜಿನ ಮೇಲೆ ಮಾತ್ರ ನಡೆಯಲಿಲ್ಲ ಅನ್ನುವುದೂ ಸೇರಲಿ. ತಯಾರಕರಿಗೆ ರಿಯಾಯಿತಿ ಕೊಟ್ಟು ಎಎಂಡಿಯನ್ನು ದೂರ ಇಟ್ಟಿತು ಅಂತ ಯುರೋಪಿಯನ್ ಆಯೋಗ 2009ರಲ್ಲಿ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಇಂಟೆಲ್ ಮೇಲ್ಮನವಿ ಹೋಯಿತು, 2022ರಲ್ಲಿ ಕೋರ್ಟ್ ಆ ದಂಡವನ್ನು ರದ್ದು ಮಾಡಿತು. ಮರುವರ್ಷ ಆಯೋಗ ಪ್ರಕರಣದ ಬೇರೊಂದು ಭಾಗಕ್ಕೆ ಸುಮಾರು 37.6 ಕೋಟಿ ಯೂರೋ ದಂಡ ಹಾಕಿತು. ಇಬ್ಬರ ನಡುವಿನ ದಾವೆಯನ್ನು ಇಂಟೆಲ್ 2009ರಲ್ಲಿ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತ್ತು.

ಹಾಗಾದರೆ ಗಿಗಾಹರ್ಟ್ಸ್ ಓಟ ಮುಗಿಯಿತಾ?

ಮುಗಿದಿಲ್ಲ. 2023ರಲ್ಲಿ ಇಂಟೆಲ್ ಐ9-13900ಕೆಎಸ್ 6 ಗಿಗಾಹರ್ಟ್ಸ್ ಮುಟ್ಟಿತು, ಮರುವರ್ಷ 14900ಕೆಎಸ್ 6.2 ಮುಟ್ಟಿತು. ಅದೇ 2024ರಲ್ಲಿ ಈ ಎರಡು ಪೀಳಿಗೆಯ ಎಷ್ಟೋ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಹಾಳಾಗಿ ಕಂಪ್ಯೂಟರ್ ಕ್ರ್ಯಾಶ್ ಆಗುವ ದೂರು ಬಂತು. ಇಂಟೆಲ್ ಮೈಕ್ರೋಕೋಡ್ (ಚಿಪ್ಪಿನ ಒಳಗೇ ಓಡುವ ಸೂಚನೆಗಳು) ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಇಂಥ ಚಿಪ್ ನಿಮ್ಮಲ್ಲಿದ್ದರೆ ಮದರ್‌ಬೋರ್ಡಿನ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ ಬಿಡಬೇಡಿ, ಆ ತಿದ್ದುಪಡಿ ಬರುವುದು ಅದರಲ್ಲೇ. ಇನ್ನೊಂದು ಕಡೆ 2020ರಲ್ಲಿ ಆಪಲ್‌ನ ಎಂ1 ಬರೀ 3.2 ಗಿಗಾಹರ್ಟ್ಸ್‌ನಲ್ಲಿ, ತುಂಬಾ ಕಡಿಮೆ ವಿದ್ಯುತ್ತಿನಲ್ಲಿ ಇಬ್ಬರನ್ನೂ ಬೆಚ್ಚಿಬೀಳಿಸಿತು.

ಕೊಳ್ಳುವಾಗ ಯಾವ ಅಂಕಿ ನೋಡಲಿ?

ಡಬ್ಬಿ ಮೇಲಿನ ದೊಡ್ಡ ಅಂಕಿ ಸಾಮಾನ್ಯವಾಗಿ ಬೂಸ್ಟ್ ವೇಗ. ಅದು ಒಂದೆರಡು ಕೋರ್‌ಗೆ, ತಂಪು ಇದ್ದಾಗ, ಸ್ವಲ್ಪ ಹೊತ್ತು ಸಿಗುವಂಥದ್ದು. ಐ9-13900ಕೆಯ ಬೂಸ್ಟ್ 5.8, ಅದರ ದೊಡ್ಡ ಕೋರ್‌ಗಳ ಮೂಲ ವೇಗ 3.0. ಎಷ್ಟು ಅಂತರ ನೋಡಿ. ಲ್ಯಾಪ್‌ಟಾಪ್‌ನಲ್ಲಂತೂ ಒಂದೇ ಹೆಸರಿನ ಚಿಪ್ ತೆಳ್ಳಗಿನ ಮಾದರಿಯಲ್ಲಿ ನಿಧಾನ, ಒಳ್ಳೆಯ ಫ್ಯಾನ್ ಇರುವ ಮಾದರಿಯಲ್ಲಿ ವೇಗ.

ನೀವು ದಿನಾ ಮಾಡುವ ಕೆಲಸ ಯಾವುದೋ ಅದನ್ನೇ ಓಡಿಸಿ ಅಳೆದ ಪರೀಕ್ಷೆಗಳನ್ನು ಹುಡುಕಿ. ಆಟಕ್ಕಾದರೆ ಅದೇ ಆಟ, ವಿಡಿಯೋಗಾದರೆ ಅದೇ ಸಾಫ್ಟ್‌ವೇರ್. ಕಂಪನಿಯ ಸ್ಲೈಡ್‌ನಲ್ಲಿರುವ ಗ್ರಾಫ್ ಸುಳ್ಳು ಅಂತಲ್ಲ, ತಮಗೆ ಒಪ್ಪುವ ಪರೀಕ್ಷೆಗಳನ್ನೇ ಅವರು ಆರಿಸಿಕೊಂಡಿರುತ್ತಾರೆ. ಅಡ್ಡಗೆರೆ ಸೊನ್ನೆಯಿಂದ ಶುರುವಾಗಿದೆಯೇ ಅಂತಲೂ ನೋಡಿ. ಕೊನೆಗೆ ಅರ್ಧ ಗಂಟೆ ಬಿಡದೆ ಓಡಿಸಿದ ಪರೀಕ್ಷೆ ಸಿಕ್ಕರೆ ಅದಕ್ಕೆ ಹೆಚ್ಚು ಬೆಲೆ ಕೊಡಿ. ಮೊದಲ ನಿಮಿಷದಲ್ಲಿ ಮುಂದಿದ್ದ ಚಿಪ್ ಬಿಸಿಯಾದ ಮೇಲೆ ಹಿಂದೆ ಬೀಳುವುದು ಆಗ ಕಾಣಿಸುತ್ತದೆ.